ಪಾಸ್‌ವರ್ಡ್ ಬೇಡದ ಕಳ್ಳ

ಪಾಸ್‌ವರ್ಡ್ ಗೊತ್ತಿಲ್ಲದೇ
ನಿಮ್ಮ ವೆಬ್‌ಸೈಟ್ ಒಳಗೆ ಯಾರಾದ್ರೂ ಬರಬಹುದಾ?
ಬರಬಹುದ್ರೀ.

ಚಿಂತಾಕಿಯಲ್ಲಿ ಒಂದು ಬೀಜ-ಗೊಬ್ಬರದ ಅಂಗಡಿ ಅದ ಅಂದ್ಕೊಳ್ರಿ.
ಸೋಯಾ, ತೊಗರಿ ಬೀಜದ ಆರ್ಡರ್‌ಗೆ ವರ್ಡ್‌ಪ್ರೆಸ್ ಸೈಟ್.
ಸೈಟ್ ಲಗೂನ ತೆರೀಲಿ ಅಂತ ಒಂದು ಪ್ಲಗಿನ್ ಹಾಕ್ಸ್ಯಾರ.
ಹೆಸರು ಲೈಟ್‌ಸ್ಪೀಡ್ ಕ್ಯಾಶ್.
ಜಗತ್ತಿನ 50 ಲಕ್ಷಕ್ಕೂ ಹೆಚ್ಚು ಸೈಟ್‌ಗಳಲ್ಲಿ ಇರೋ ಪ್ಲಗಿನ್ ಇದು.

2024ರ ಸೆಪ್ಟೆಂಬರ್‌ನಲ್ಲಿ ಇದರದೊಂದು ದೋಷ ಹೊರಗೆ ಬಂತು.
ತೊಂದರೆ ಎಲ್ಲಿ ಅಂತ ಹುಡುಕೋಕೆ ಡೀಬಗ್ ಆನ್ ಮಾಡಿದ್ರೆ,
ಸೈಟಿನಲ್ಲಿ ನಡೆದದ್ದನ್ನ ಪ್ಲಗಿನ್ ಒಂದು ಫೈಲಿಗೆ ಬರೀತಿತ್ತು.
ಲಾಗಿನ್ ಆದವರ ಕುಕಿ ಸಮೇತ!
ಆ ಫೈಲಿನ ಜಾಗ ಎಲ್ಲಾ ಸೈಟಿನಲ್ಲೂ ಒಂದೇ.
ಬೇರೆ ತಡೆ ಇಲ್ಲದಿದ್ರೆ,
ವಿಳಾಸ ಟೈಪ್ ಮಾಡಿದ ಯಾರಿಗಾದ್ರೂ ಅದು ತೆರೀತಿತ್ತು.

ಕುಕಿ ಹೋದ್ರೆ ಏನಾಯ್ತು ಅಂತೀರಾ?
ಜಾತ್ರೆಯ ಸರ್ಕಸ್ ಗೇಟಿನಲ್ಲಿ
ಟಿಕೆಟ್ ನೋಡಿ ಕೈಗೆ ಮುದ್ರೆ ಒತ್ತತಾರಲ್ಲ,
ಕುಕಿ ಅಂದ್ರ ಆ ಮುದ್ರೆ.
ಮುದ್ರೆ ಇದ್ರೆ ಮತ್ತೆ ಟಿಕೆಟ್ ಕೇಳಂಗಿಲ್ಲ.
ನಕಲು ಮುದ್ರೆ ಒತ್ಕೊಂಡು ಬಂದವನಿಗೂ ಕೇಳಂಗಿಲ್ಲ.
ಅಡ್ಮಿನ್ ಕುಕಿ ಸಿಕ್ಕವನಿಗೆ
ರೈತರ ಹೆಸರು, ಮೊಬೈಲ್ ನಂಬರ್, ಆರ್ಡರ್, ಎಲ್ಲಾ ಕೈಗೆ ಬಂತು.

ಪ್ಲಗಿನ್ ಕಂಪನಿ 6.5.0.1 ಆವೃತ್ತಿಯಲ್ಲಿ ಈ ದೋಷ ಸರಿ ಮಾಡ್ತು.
ಆದ್ರ ಹಳೇ ಫೈಲ್?
ಯಾವಾಗೋ ಒಮ್ಮೆ ಡೀಬಗ್ ಆನ್ ಮಾಡಿದ್ರೂ
ಅದು ಅಲ್ಲೇ ಬಿದ್ದಿರ್ತದ.
ನನಗೆ ಹೆಚ್ಚು ಚಿಂತೆ ಇದರದೇ.

ನಿಮ್ಮ ಸೈಟಿನಲ್ಲೂ ಈ ಪ್ಲಗಿನ್ ಇದ್ರೆ,
ಸೈಟ್ ಮಾಡಿಕೊಟ್ಟವರಿಗೆ ಇವತ್ತೇ ಫೋನ್ ಹಚ್ರಿ.
ಪ್ಲಗಿನ್ ಅಪ್‌ಡೇಟ್ ಮಾಡಿಸ್ರಿ.
ಹಳೇ ಡೀಬಗ್ ಫೈಲ್ ಅಳಿಸಿ ಹಾಕಿಸ್ರಿ.
ಎಲ್ಲರನ್ನೂ ಒಮ್ಮೆ ಲಾಗೌಟ್ ಮಾಡಿಸ್ರಿ,
ಕದ್ದ ಕುಕಿ ಆಮೇಲೆ ನಡೆಯಂಗಿಲ್ಲ.