ತಿಳಿನೀರಿನಲ್ಲಿ ಗಾಳ

ಬನಶಂಕರಿಯಿಂದ ಕನಕಪುರದ ದಾರಿಯಲ್ಲಿ ತೆಂಕಲಿಗೆ ಸಾಗಿದರೆ, ಸಂಗಮದಲ್ಲಿ ಕಾವೇರಿಯನ್ನು ಸೇರುವೆವು. ಬಿಳಿಮೀನು ಎನ್ನಿಸಿಕೊಳ್ಳುವ ಮಹಶೀರಿನ ನೆಲೆಯದು. ಬೇಸಗೆಯಲ್ಲಿ ನೀರು ತಿಳಿಯಾದಾಗ, ನಾವು ಮೀನನ್ನು ಕಾಣುವುದಕ್ಕೆ ಮೊದಲೇ ಅದು ನಮ್ಮನ್ನು ಕಂಡಿರುತ್ತದೆ.

ನೀರನ್ನು ಹೊಗುವ ಬೆಳಕು ಬಾಗುವುದರಿಂದ, ಮೇಲಣ ಲೋಕವೆಲ್ಲ ಮೀನಿಗೆ ಸುಮಾರು 97 ಡಿಗ್ರಿಯ ದುಂಡು ಗವಾಕ್ಷದಲ್ಲಿ ಅಡಕವಾಗಿ ತೋರುತ್ತದೆ. ದಡದಲ್ಲಿ ನಿಂತವನು ಅದರೊಳಗೆ ಎದ್ದು ಕಾಣುವನು. ಹಿಂದೆ ಸರಿದು ತಗ್ಗಿ ಕುಳಿತವನು ಅದರ ಅಂಚಿನಲ್ಲಿ ಅಡಗುವನು. ಆದುದರಿಂದಲೇ ಬಲ್ಲವರು ಬಂಡೆಯ ಮರೆಯಲ್ಲಿ ಕುಳಿತು, ಬೆಳಗು ಬೈಗುಗಳ ಮಬ್ಬಿನಲ್ಲಿ, ರಾಗಿಯ ಉಂಡೆ ಕಟ್ಟಿದ ಗಾಳವನ್ನು ದೂರಕ್ಕೆಸೆದು ಕಾಯುತ್ತಿದ್ದರು.

1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ನರು ಕಬಿನಿಯಲ್ಲಿ 120 ಪೌಂಡಿನ ಮಹಶೀರನ್ನು ಹಿಡಿದರು. ಕಾವೇರಿಯ ಗೂನುಬೆನ್ನಿನ ಮಹಶೀರಾದರೋ 2018ರಲ್ಲಿ ಅಳಿವಿನ ಅಂಚನ್ನು ಮುಟ್ಟಿದ ಜೀವಿಗಳ ಪಟ್ಟಿಗೆ ಸೇರಿತು. ಅಡಗಿ ಕುಳಿತುಕೊಳ್ಳುವ ಆ ಹಳೆಯ ವಿದ್ಯೆಯಿಂದ ನಾವು ಇನ್ನು ಮೀನನ್ನು ನೋಡಿ ತೃಪ್ತರಾಗುವುದು ಉಚಿತ.