ಗದ್ದೆ ಅಂಚಿನ ಕೆಳಗೊಂದು ಊರು

“ಕಾಲಲ್ಲಿ ಗಾಯಗೀಯ ಇಲ್ಲ ತಾನೇ ತಮ್ಮಾ?”

ಗದ್ದೆ ತೋರಿಸಲು ಕರೆದೊಯ್ದ ಅಜ್ಜ ಮೊದಲು ಕೇಳಿದ್ದು ಇದನ್ನು. ಇಲ್ಲ ಎಂದೆ. “ಹಾಗಾದ್ರೆ ಚಪ್ಪಲಿ ಬಿಟ್ಟು ಬಾ. ಬರಿಗಾಲಲ್ಲಿ ನಡೆದ್ರೆ ಎಲ್ಲಿ ಗಟ್ಟಿ, ಎಲ್ಲಿ ಪೊಳ್ಳು ಅಂತ ಅಂಗಾಲೇ ಹೇಳ್ತದೆ” ಎಂದು ಗುದ್ದಲಿ ಹೆಗಲಿಗೇರಿಸಿ ಮುಂದೆ ನಡೆದರು. ಗಾಯದ ವಿಚಾರ ಯಾಕೆ ಕೇಳಿದರು ಎಂಬುದನ್ನು ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಇಲಿಯ ಉಚ್ಚೆ ಬೆರೆತ ನೀರು, ಕೆಸರು ಗಾಯಕ್ಕೆ ತಗುಲಿದರೆ ಇಲಿಜ್ವರ ಬರುತ್ತದೆ.

ಶಿರಾಳಕೊಪ್ಪದಿಂದ ಸೊರಬಕ್ಕೆ ಹೋಗುವ ದಾರಿಯಲ್ಲಿ, ರಸ್ತೆಯಿಂದ ಸ್ವಲ್ಪ ಒಳಗಿರುವ ಗದ್ದೆ ಬಯಲು ಅದು. ನವೆಂಬರ್ ಕೊನೆ. ನೀರು ಬಸಿದ ಗದ್ದೆಯಲ್ಲಿ ಭತ್ತ ಹಳದಿ ತಿರುಗಿ ತೆನೆ ಬಾಗಿಸಿ ನಿಂತಿತ್ತು. ಕೊಯ್ಲಿಗೆ ಇನ್ನು ನಾಲ್ಕೈದು ದಿನ. ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಕಾಲಿನ ಕೆಳಗೆ ಮಣ್ಣು ತುಸು ಕುಸಿದಂತಾಯಿತು. “ಅದೇ. ಈಗ ನೀನು ಅವರ ಮನೆ ಮಾಡಿನ ಮೇಲೆ ನಿಂತಿದೀಯ.”

ನೆಲದಡಿಯಲ್ಲೊಂದು ನಗರ, ಅಲ್ಲಿ ಇಲಿಗಳ ರಾಜ್ಯ, ಪಂಜು ಹಿಡಿದು ಒಳಗಿಳಿಯುವ ಸಾಹಸಿಗಳು. ಮಕ್ಕಳ ಕಥೆಗಳಲ್ಲಿ, ಈಗಿನ ಆಟಗಳಲ್ಲಿ ಇಂಥ ಕಲ್ಪನೆ ಬೇಕಾದಷ್ಟು ಸಿಗುತ್ತದೆ. ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳಲ್ಲಿ ಈ ನಗರ ನಿಜವಾಗಿಯೂ ಇದೆ. ಅದನ್ನು ಕಲ್ಲಿನಲ್ಲಿ ನೆನೆದವರು, ಗುದ್ದಲಿಯಿಂದ ತೆರೆದವರು, ಬೋನು ಹಿಡಿದು ಅದರ ಬಾಗಿಲಲ್ಲಿ ಕಾದವರು ಎಲ್ಲರೂ ಇಲ್ಲೇ ಆಗಿಹೋಗಿದ್ದಾರೆ. ಅವರ ಜಾಡು ಹಿಡಿದು ಎರಡು ದಿನ ಸುತ್ತಿದ್ದರ ಕಥೆ ಇದು.

ನೂರು ಬಾಯಿಯ ಬಿಲ

ಹೊರಟದ್ದು ಬಳ್ಳಿಗಾವಿಯಿಂದ. ಶಿಕಾರಿಪುರ ತಾಲ್ಲೂಕಿನ ಈ ಊರು ಒಂದು ಕಾಲಕ್ಕೆ ಬನವಾಸಿ ಹನ್ನೆರಡು ಸಾಸಿರದ ರಾಜಧಾನಿ, ಅಲ್ಲಮಪ್ರಭುವಿನ ಊರು. ಬಂದವರು ಕೇದಾರೇಶ್ವರ ದೇಗುಲ ನೋಡಿ, 1047ರ ಗಂಡಭೇರುಂಡ ಕಂಬದ ಮುಂದೆ ಫೋಟೊ ತೆಗೆಸಿಕೊಂಡು ಹೊರಡುವುದು ವಾಡಿಕೆ. ತ್ರಿಪುರಾಂತಕೇಶ್ವರದ ಕಡೆ ಬರುವವರು ಕಡಿಮೆ.

11ನೆಯ ಶತಮಾನದ ಈ ದೇಗುಲದ ಜಾಲಂದ್ರಗಳ ಕುಸುರಿ ದೊಡ್ಡದು. ಆದರೆ ನನಗೆ ಬೇಕಿದ್ದದ್ದು ಕಾಲ ಬುಡದಲ್ಲಿತ್ತು. ಗೋಡೆಯ ತಳದ ಪಟ್ಟಿಕೆಯಲ್ಲಿ ಗೇಣುದ್ದದ ಶಿಲ್ಪಗಳಲ್ಲಿ ಪಂಚತಂತ್ರದ ಕಥೆಗಳನ್ನು ಕೆತ್ತಿದ್ದಾರೆ. ಮೊಣಕಾಲೂರಿ, ತಲೆ ಬಗ್ಗಿಸಿಯೇ ನೋಡಬೇಕು. ಮಳೆಗೆ ಮುಖ ಸವೆದ ಪ್ರಾಣಿಗಳು ಒಂದರ ಹಿಂದೊಂದು ಸಾಗಿವೆ. ದುರ್ಗಸಿಂಹ ಪಂಚತಂತ್ರವನ್ನು ಕನ್ನಡಕ್ಕೆ ತಂದದ್ದೂ ಅದೇ ಶತಮಾನದಲ್ಲಿ. ಒಂದೇ ಕಾಲದಲ್ಲಿ ಆ ಕಥೆಗಳು ಓಲೆಗೂ ಇಳಿದವು, ಕಲ್ಲಿಗೂ ಇಳಿದವು.

ಪಂಚತಂತ್ರದ ಇಲಿ ಹಿರಣ್ಯಕನನ್ನು ಯಾರು ಮರೆತಾರು? ಬಲೆಗೆ ಬಿದ್ದ ಪಾರಿವಾಳಗಳು ಬಲೆಯ ಸಮೇತ ಹಾರಿ ಬಂದು ಅವನ ಬಾಗಿಲಲ್ಲಿ ಇಳಿಯುತ್ತವೆ. ಹಿರಣ್ಯಕನ ಬಿಲಕ್ಕೆ ನೂರು ಬಾಯಿ. ಅಪಾಯ ಯಾವ ಕಡೆಯಿಂದ ಬಂದರೂ ಇನ್ನೊಂದು ಕಡೆಯಿಂದ ಪಾರಾಗಲು ದಾರಿ ಇರಬೇಕೆಂಬ ಮುಂದಾಲೋಚನೆ. ಈ ನೂರನ್ನು ನಾನು ಇದುವರೆಗೆ ಕಥೆಗಾರನ ಉತ್ಪ್ರೇಕ್ಷೆ ಎಂದುಕೊಂಡಿದ್ದೆ. ಸಂಜೆ ಗದ್ದೆ ಅಂಚಿಗೆ ಬಂದ ಮೇಲೆ ಆ ತಿಳಿವಳಿಕೆ ಬದಲಾಗತೊಡಗಿತು.

ನೆಲ ಓದುವ ವಿದ್ಯೆ

ಅಜ್ಜ ಅಂಚಿನುದ್ದಕ್ಕೂ ಒಂದೊಂದೇ ಬಿಲ ತೋರಿಸುತ್ತ ಹೋದರು. ಬಾಯಿಗೆ ಜೇಡ ಬಲೆ ಕಟ್ಟಿದ್ದರೆ ಮನೆ ಖಾಲಿ. ಬಾಯಿಯ ಮುಂದೆ ಅರಳು ಅರಳಾದ ಹಸಿ ಮಣ್ಣಿನ ಗುಪ್ಪೆ ಇದ್ದರೆ ಒಳಗೆ ಜನ ಇದ್ದಾರೆ. ಬಿಲದ ಸುತ್ತ ಭತ್ತದ ದಂಟು ಓರೆಯಾಗಿ, ಚಾಕುವಿನಲ್ಲಿ ಕೊಯ್ದಂತೆ ತುಂಡಾಗಿತ್ತು. “ಹಲ್ಲು ಬೆಳೀತಾನೇ ಇರ್ತದೆ ತಮ್ಮಾ. ಕಡೀದೆ ಇದ್ರೆ ಅದಕ್ಕೇ ಕಷ್ಟ.” ಪ್ರಾಣಿಶಾಸ್ತ್ರ ಹೇಳುವುದೂ ಅದನ್ನೇ. ಇಲಿಯ ಬಾಚಿಹಲ್ಲು ಬದುಕಿರುವವರೆಗೂ ಬೆಳೆಯುತ್ತದೆ, ಸವೆಸುತ್ತಲೇ ಇರಬೇಕು.

ಅಜ್ಜ ಗದ್ದೆ ಹೆಗ್ಗಣ ಎಂದು ಕರೆಯುವ ಈ ಪ್ರಾಣಿಗೆ ಶಾಸ್ತ್ರೀಯ ಹೆಸರು ಬ್ಯಾಂಡಿಕೋಟಾ ಬೆಂಗಾಲೆನ್ಸಿಸ್. ಊರೊಳಗಿನ ದೊಡ್ಡ ಹೆಗ್ಗಣಕ್ಕಿಂತ ಚಿಕ್ಕದು, ಅಗೆಯುವುದರಲ್ಲಿ ಅದಕ್ಕಿಂತ ಗಟ್ಟಿಗ. ಗಬ್ಬ ಧರಿಸಿದ ಮೂರು ವಾರದ ಆಸುಪಾಸಿನಲ್ಲಿ ಮರಿ ಹಾಕುತ್ತದೆ. ಆ ಮರಿಗಳು ಮೂರು ತಿಂಗಳಲ್ಲಿ ತಾವೇ ಮರಿ ಹಾಕುವಷ್ಟು ಬೆಳೆಯುತ್ತವೆ. ಜೊತೆಗೆ ಇದೇ ಅಂಚುಗಳಲ್ಲಿ ಹೆಬ್ಬೆರಳಿನಷ್ಟೇ ಇರುವ ಚಿಟ್ಟಿಲಿಗಳ ಸಂಸಾರವೂ ಬೇರೆ.

ಕತ್ತಲಾಗುವ ಮೊದಲು ಸುಮಾರು ನೂರು ಮಾರು ಅಂಚಿನಲ್ಲಿ ಹದಿನಾಲ್ಕು ಬಾಯಿ ಎಣಿಸಿ, ಎಲ್ಲವನ್ನೂ ಹಸಿಮಣ್ಣಿನಿಂದ ಮೆತ್ತಿದೆವು. “ಇನ್ನು ಮನೆಗೆ ಹೋಗುವಾ. ಯಾರು ಇದಾರೆ, ಯಾರು ಇಲ್ಲ ಅಂತ ಬೆಳಿಗ್ಗೆ ಅವೇ ಹೇಳ್ತಾವೆ.” ಕೃಷಿ ವಿಜ್ಞಾನಿಗಳು ಶಿಫಾರಸು ಮಾಡುವ ಕ್ರಮವೂ ಇದೇ: ಹಿಂದಿನ ದಿನ ಎಲ್ಲ ಬಾಯಿಗಳನ್ನು ಮುಚ್ಚಿ, ಮರುದಿನ ತೆರೆದುಕೊಂಡ ಬಿಲಗಳಿಗೆ ಮಾತ್ರ ಪಾಷಾಣ ಇಡಬೇಕು. ಅಜ್ಜನಿಗೆ ಇದು ಬಂದದ್ದು ಅವರ ಅಪ್ಪನಿಂದ.

ಬೆಳಿಗ್ಗೆ ಮಂಜಿನಲ್ಲೇ ಹೋದೆವು. ಹದಿನಾಲ್ಕರಲ್ಲಿ ಐದು ತೆರೆದಿದ್ದವು. ತೆರೆದ ಬಾಯಿಗಳ ಮುಂದೆ ಆಗಷ್ಟೇ ಜರಡಿ ಹಿಡಿದಂಥ ಮಣ್ಣು.

ಒಂದು ಬಿಲವನ್ನು ಅಜ್ಜ ಬಿಡಿಸಲು ಶುರು ಮಾಡಿದರು. “ಕೈ ಹಾಕಬೇಡ. ಕೇರೆ ಇರಬಹುದು, ನಾಗರ ಇರಬಹುದು. ಕಟ್ಟಿದ್ದು ಇಲಿ ಆದ್ರೂ ಇರೋರು ಬೇರೆಯವರು ಆಗಿರ್ತಾರೆ.” ಗುದ್ದಲಿಯಲ್ಲಿ ಮಣ್ಣನ್ನು ಕತ್ತರಿಸುತ್ತಿರಲಿಲ್ಲ, ಪದರ ಪದರವಾಗಿ ಎತ್ತುತ್ತಿದ್ದರು. ಮೊದಲು ಇಳಿಜಾರಿನ ದಾರಿ. ಮೊಳದಷ್ಟು ಆಳದಲ್ಲಿ ಅದು ಕವಲೊಡೆಯಿತು. ಎಡಕ್ಕೆ ಹೋದದ್ದು ಕುರುಡು ಕೊನೆ. ಬಲಕ್ಕೆ ತಿರುಗಿದ್ದು ಅಂಚಿನುದ್ದಕ್ಕೂ ಸಾಗಿ ಒಂದು ಉಗ್ರಾಣಕ್ಕೆ ಬಂತು. ತೆಂಗಿನಕಾಯಿ ಹಿಡಿಸುವಷ್ಟು ಜಾಗ. ಅದರೊಳಗೆ ಭತ್ತದ ತೆನೆಗಳನ್ನು ಒತ್ತಾಗಿ ಜೋಡಿಸಿಟ್ಟಿತ್ತು. ಮಣ್ಣಿನ ಒದ್ದೆ ವಾಸನೆಯ ನಡುವೆ ಹೊಸ ಭತ್ತದ ವಾಸನೆ ಘಮ್ಮೆಂದಿತು. ತೆಗೆದು ಮೊರಕ್ಕೆ ಹಾಕಿದಾಗ ಒಂದು ಸೇರಿಗೆ ಮೋಸವಿಲ್ಲ. ಇಂಥ ಇನ್ನೊಂದು ಉಗ್ರಾಣ ಅದರ ಪಕ್ಕದಲ್ಲೇ ಅರ್ಧ ತುಂಬಿತ್ತು. ಸುಗ್ಗಿಯ ಹೊತ್ತಿನಲ್ಲಿ ಬಿಲ ಬಗೆದು ಸಿಕ್ಕ ಕಾಳಿನಿಂದ ಗಂಜಿ ಕಾಯಿಸಿದ ಬಡವರ ಮನೆಗಳು ಈ ಸೀಮೆಯಲ್ಲಿ ಇದ್ದವು ಎಂದು ಅಜ್ಜ ಮೆಲ್ಲಗೆ ಹೇಳಿದರು. ಅವರ ಬಾಲ್ಯದ ಮನೆಯೂ ಅಂಥದ್ದೇ ಒಂದು.

ಉಗ್ರಾಣ ದಾಟಿದ ಮೇಲೆ ಮಲಗುವ ಕೋಣೆ. ಹುಲ್ಲನ್ನು ದಾರದಷ್ಟು ಸಣ್ಣಗೆ ಸೀಳಿ ಹೆಣೆದ ಗೂಡು ಇನ್ನೂ ಬೆಚ್ಚಗಿತ್ತು. ಒಡೆಯ ಮಾತ್ರ ಇರಲಿಲ್ಲ. ಆಚೆ ಬದಿಯಲ್ಲಿ ಅಂಚಿನ ಹುಲ್ಲಿನಡಿಯಿಂದ ಮುಷ್ಟಿಯಷ್ಟು ಮಣ್ಣು ಪುಟಿದು ಬಿದ್ದಿತ್ತು. ಹೊರಗಿನಿಂದ ಕಾಣದ ಹಾಗೆ, ತೆಳ್ಳಗೆ ಮಣ್ಣು ಮುಚ್ಚಿ ಇಟ್ಟುಕೊಂಡಿದ್ದ ಬಾಗಿಲು. ನಾವು ಮುಂಬಾಗಿಲು ಅಗೆಯುವಾಗ ಅದು ಹಿಂಬಾಗಿಲಿನಿಂದ ಭತ್ತದೊಳಗೆ ನುಸುಳಿತ್ತು. ಹಿರಣ್ಯಕನ ನೂರು ಬಾಯಿಯ ಲೆಕ್ಕ ನನಗೆ ಅರ್ಥವಾದದ್ದು ಆಗ. ನಾವು ಎಣಿಸಿದ್ದ ಹದಿನಾಲ್ಕರಲ್ಲಿ ಆ ಬಾಯಿ ಸೇರಿರಲಿಲ್ಲ.

ಇನ್ನೊಂದು ಸಂಗತಿಯೂ ಅಲ್ಲೇ ತಿಳಿಯಿತು. ಇದನ್ನು ಊರು ಎಂದರೂ ಇಲ್ಲಿ ಕೂಡು ಕುಟುಂಬ ಇಲ್ಲ. ಬೆಳೆದ ಹೆಗ್ಗಣ ಸಾಮಾನ್ಯವಾಗಿ ಒಂದು ಬಿಲಕ್ಕೆ ಒಂದೇ. ಮರಿಗಳು ತಾಯಿಯ ಜೊತೆ ಕೆಲವು ವಾರ ಇದ್ದು ಆಮೇಲೆ ತಮ್ಮ ತಮ್ಮ ಮನೆ ತೋಡಿಕೊಳ್ಳುತ್ತವೆ. ಅಂಚು ಅಗಲವಾಗಿದ್ದು ಕಳೆ ಬೆಳೆದಿದ್ದರೆ ಈ ಕೇರಿ ಉದ್ದವಾಗುತ್ತ ಹೋಗುತ್ತದೆ. ಅಂಚನ್ನು ಕಿರಿದು ಮಾಡಿ, ಹುಲ್ಲು ಕೆತ್ತಿ ಇಟ್ಟುಕೊಂಡರೆ ಅರ್ಧ ತೊಂದರೆ ತಪ್ಪುತ್ತದೆ ಎನ್ನುತ್ತಾರೆ ಅಜ್ಜ. ಪಾಷಾಣದ ಮೇಲೆ ಅವರಿಗೆ ನಂಬಿಕೆ ಕಡಿಮೆ. ತುಸು ತಿಂದು ಹೊಟ್ಟೆ ಕೆಟ್ಟ ಇಲಿ ಅದನ್ನು ಮತ್ತೆ ಮುಟ್ಟುವುದಿಲ್ಲ. ಒಬ್ಬನೇ ಇಟ್ಟರೆ ಪಕ್ಕದ ಗದ್ದೆಯವು ಖಾಲಿ ಮನೆಗೆ ಬಂದು ಸೇರುತ್ತವೆ. ಬಯಲಿನವರೆಲ್ಲ ಒಂದೇ ವಾರ ಸೇರಿ ಮಾಡಬೇಕು. ಗದ್ದೆ ನಡುವೆ ಅವರು ನೆಟ್ಟಿದ್ದ ಅಡ್ಡಪಟ್ಟಿಯ ಕೋಲುಗಳ ತುದಿಯಲ್ಲಿ ಬಿಳಿ ಹಿಕ್ಕೆಯ ಗೆರೆ. ರಾತ್ರಿ ಗೂಬೆ ಬಂದು ಕೂರುವ ಗುರುತು.

ಕ್ಯಾಸನೂರಿನ ದರಕಿನಲ್ಲಿ

ಮಧ್ಯಾಹ್ನದ ಹೊತ್ತಿಗೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಅಂಚಿಗೆ ಬಂದೆ. ನೋಡಲು ಮಲೆನಾಡಿನ ಉಳಿದ ಕಾಡುಗಳ ಹಾಗೆಯೇ: ಮತ್ತಿ, ಹೊನ್ನೆ, ಬಿದಿರ ಮೆಳೆ, ಕಾಲಡಿ ದರಕು. ಆದರೆ ಈ ಪುಟ್ಟ ಕಾಡಿನ ಹೆಸರು ಲೋಕದ ವೈದ್ಯ ಪುಸ್ತಕಗಳಲ್ಲೆಲ್ಲ ಇದೆ. ನಾವು ಮಂಗನ ಕಾಯಿಲೆ ಎನ್ನುವುದನ್ನು ವೈದ್ಯರು ಕ್ಯಾಸನೂರು ಕಾಡಿನ ಕಾಯಿಲೆ ಎನ್ನುತ್ತಾರೆ.

1957ರ ಬೇಸಿಗೆಯ ಮೊದಲಲ್ಲಿ ಇಲ್ಲಿ ಮಂಗಗಳು ಸಾಲು ಸಾಲಾಗಿ ಸತ್ತು ಬಿದ್ದವು. ಕಾಡಿಗೆ ಸೌದೆ, ಸೊಪ್ಪಿಗೆ ಹೋಗಿ ಬಂದವರು ಜ್ವರದಿಂದ ಮಲಗಿದರು. ಹಳದಿ ಜ್ವರವಿರಬಹುದೆಂಬ ಆತಂಕ ಹುಟ್ಟಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಧಾವಿಸಿದರು. ಟೆಲ್ಫೋರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ, ಟಿ. ರಾಮಚಂದ್ರ ರಾವ್, ಮುಂದೆ ಪಿ.ಕೆ. ರಾಜಗೋಪಾಲನ್ ಮೊದಲಾದವರು ಈ ಕಾಡಿನಲ್ಲಿ ವರ್ಷಗಟ್ಟಲೆ ದುಡಿದರು. ಸತ್ತ ಮಂಗಗಳಲ್ಲಿ ಸಿಕ್ಕಿದ್ದು ಹಳದಿ ಜ್ವರದ ವೈರಸ್ ಆಗಿರಲಿಲ್ಲ. ರಷ್ಯಾದ ಕಾಡುಗಳ ಉಣುಗು ಹರಡುವ ಮಿದುಳು ಜ್ವರದ ಬಳಗಕ್ಕೆ ಸೇರಿದ ಹೊಸ ವೈರಸ್. ಸೈಬೀರಿಯದಿಂದ ವಲಸೆ ಹಕ್ಕಿಗಳು ಹೊತ್ತು ತಂದವೇ ಎಂಬ ಪ್ರಶ್ನೆಯೂ ಎದ್ದಿತು. ಸಲೀಂ ಅಲಿ ಮುಂದಾಳಾಗಿದ್ದ ಹಕ್ಕಿ ವಲಸೆಯ ಅಧ್ಯಯನಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ನೆರವು ಸಿಕ್ಕಿದ್ದು ಈ ಪ್ರಶ್ನೆಯ ದೆಸೆಯಿಂದಲೇ.

ಉತ್ತರದ ಒಂದು ದೊಡ್ಡ ಭಾಗ ಮಾತ್ರ ಕಾಲಡಿಯಲ್ಲಿತ್ತು. ರೋಗ ಹರಡುವುದು ಉಣುಗು. ಅದರ ಮರಿಗಳು ರಕ್ತ ಹೀರಿ ಬೆಳೆಯುವುದು ಕಾಡಿನ ಇಲಿ, ಸುಂಡಿಲಿ, ಅಳಿಲು, ಹಕ್ಕಿಗಳಂಥ ಸಣ್ಣ ಜೀವಗಳ ಮೇಲೆ. ದೊಡ್ಡ ಉಣುಗು ದನಕ್ಕೆ ಹತ್ತುತ್ತದೆ. ಆದ್ದರಿಂದ ವಿಜ್ಞಾನಿಗಳು ಸಂಜೆ ಸಂಜೆ ಕಾಡಿನಲ್ಲಿ ಬೋನು ಇಟ್ಟರು. ಬಿಳಿಬಾಲದ ಕಾಡಿಲಿಗಳು ಬಿದ್ದವು, ಸುಂಡಿಲಿಗಳು ಬಿದ್ದವು. ಮೈಮೇಲಿನ ಉಣುಗು ಒಂದೊಂದೇ ಹೆಕ್ಕಿ ಎಣಿಸಿದರು, ರಕ್ತ ಪರೀಕ್ಷಿಸಿದರು. ಬೆಟ್ಟ ಅಗೆದು ಇಲಿ ಹಿಡಿದರು ಎಂದು ನಮ್ಮಲ್ಲಿ ವ್ಯರ್ಥ ದುಡಿಮೆಗೆ ಹೇಳುತ್ತಾರೆ. ಇಲ್ಲಿ ಬೆಟ್ಟ ಬೆಟ್ಟವೇ ಸುತ್ತಿ ಹಿಡಿದ ಇಲಿಗಳಿಂದ ಮನುಷ್ಯರ ಜೀವ ಉಳಿಸುವ ತಿಳಿವಳಿಕೆ ಸಿಕ್ಕಿತು.

ಕಾಯಿಲೆಗೆ ಮಂಗನ ಹೆಸರು ಬಂದದ್ದು ಮಂಗ ನಮ್ಮ ಕಣ್ಣೆದುರು ಸಾಯುತ್ತದೆಂದು. ಮರದಿಂದ ಬಿದ್ದ ಮಂಗ ಎಲ್ಲರಿಗೂ ಕಾಣುತ್ತದೆ. ದರಕಿನ ಕೆಳಗೆ, ಕಲ್ಲಿನ ಸಂದಿಯಲ್ಲಿ ಇಲಿಯಿಂದ ಉಣುಗಿಗೆ, ಉಣುಗಿನಿಂದ ಇಲಿಗೆ ವೈರಸ್ ದಾಟುತ್ತಿರುವುದು ಯಾರಿಗೂ ಕಾಣುವುದಿಲ್ಲ. 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸೀಮೆ ಈ ಕಾಯಿಲೆಯಿಂದ ಎಷ್ಟು ನೊಂದಿತು ಎಂಬುದನ್ನು ಮಲೆನಾಡು ಮರೆತಿಲ್ಲ. ಕಾಣದ್ದನ್ನು ನೆನಪಿನಲ್ಲಿ ಇಟ್ಟುಕೊಂಡೇ ಇಲ್ಲಿ ಹೆಜ್ಜೆ ಇಡಬೇಕು. ನಾನು ಕಾಡಿನೊಳಗೆ ಹೋಗಲಿಲ್ಲ. ಉಣುಗು ಹತ್ತದಂತೆ ಡೆಪಾ ತೈಲ ಹಚ್ಚಿಕೊಂಡು, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸಿಕ್ಕಿಸಿ, ದಾರಿಯಲ್ಲೇ ನಿಂತು ನೋಡಿ ಬಂದೆ.

ಇಲಿಯ ಎಡೆ

ಹಿಂದಿರುಗುವಾಗ ಅಜ್ಜನ ಮನೆಯಲ್ಲಿ ಚಾ ಕುಡಿಯಲು ಕೂತೆ. ಬಿಸಿನೀರು, ಸೋಪು ಕೊಟ್ಟು “ಮೊದಲು ಕೈಕಾಲು ಉಜ್ಜಿ ತೊಳ್ಕೊಳ್ಳಪ್ಪ” ಎಂದರು ಅಜ್ಜಿ. ಜಗಲಿಯ ಗೂಟದಲ್ಲಿ ಭೂಮಣ್ಣಿ ಬುಟ್ಟಿ ತೂಗಿತ್ತು. ಕೆಮ್ಮಣ್ಣಿನ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆಗಳ ಚಿತ್ತಾರ. ಶೀಗೆ ಹುಣ್ಣಿಮೆಯ ದಿನ, ಇಲ್ಲಿಯವರ ಬಾಯಲ್ಲಿ ಭೂಮಿ ಹುಣ್ಣಿಮೆ, ತೆನೆ ಹೊತ್ತ ಭೂಮಿತಾಯಿಗೆ ಬಯಕೆಯ ಊಟ ಬಡಿಸುವ ಹಬ್ಬ. ರಾತ್ರಿಯಿಡೀ ಅಡುಗೆ ಮಾಡಿ, ನಸುಕಿನಲ್ಲಿ ಆ ಬುಟ್ಟಿಯಲ್ಲಿ ಹೊತ್ತೊಯ್ದು ಗದ್ದೆಗೆ ಚರಗ ಬೀರುತ್ತಾರೆ.

“ಎಡೆ ಯಾರ್ಯಾರಿಗೆ ಇಡ್ತೀರಿ ಅಮ್ಮ?” ಎಂದು ಕೇಳಿದೆ.

“ಭೂಮ್ತಾಯಿಗೆ ಒಂದು. ಕಾಗೆಗೆ ಒಂದು. ಇಲಿಗೆ ಒಂದು.”

ಅಜ್ಜನ ಕಡೆ ನೋಡಿದೆ. ಬೆಳಿಗ್ಗೆ ಬಗೆದ ಬಿಲದ ಮಣ್ಣು ಅವರ ಗುದ್ದಲಿಯಲ್ಲಿ ಇನ್ನೂ ಅಂಟಿತ್ತು. “ಹೌದು, ಆ ಎಡೆ ಇಡೋನು ನಾನೇ” ಎಂದರು. “ಅದರ ಪಾಲು ಅದಕ್ಕೆ ಕೊಡಬೇಕು. ಪಾಲು ಮೀರಿದ್ರೆ ಗುದ್ದಲಿ ತಗೋಬೇಕು. ಎರಡೂ ನಮ್ಮ ಕೆಲಸವೇ.”

ಬಸ್ಸಿಗೆ ಹೊತ್ತಾಗಿತ್ತು. ಅಂಚಿನ ದಾರಿಯಲ್ಲೇ ಬಂದೆ. ಬೆಳಿಗ್ಗೆ ನಾವು ಬಗೆದ ಜಾಗದ ಪಕ್ಕದಲ್ಲಿ, ಮುಚ್ಚಿಯೇ ಉಳಿದಿದ್ದ ಒಂದು ಬಾಯಿಯ ಹತ್ತಿರ, ಹೊಸ ಮಣ್ಣು ಆಗಲೇ ಹೊರಬಂದಿತ್ತು. ಹೊತ್ತು ಮುಳುಗುವ ಮೊದಲೇ ಹೊಸ ಮನೆಯ ಕೆಲಸ ಶುರುವಾಗಿತ್ತು. ಅದರ ಮಾಡಿನ ಮೇಲೆ ಕಾಲಿಡದೆ ಬದಿಯ ಗದ್ದೆಗೆ ಇಳಿದು ದಾಟಿದೆ.

ಹೋಗುವವರಿಗೆ

ಶಿವಮೊಗ್ಗದಿಂದ ಶಿಕಾರಿಪುರ ಸುಮಾರು 50 ಕಿ.ಮೀ. ಅಲ್ಲಿಂದ ಶಿರಾಳಕೊಪ್ಪದ ಬಸ್ಸು ಹಿಡಿದರೆ ಬಳ್ಳಿಗಾವಿ ಹತ್ತಿರ. ಸೊರಬಕ್ಕೂ ಶಿರಾಳಕೊಪ್ಪದಿಂದಲೇ ಬಸ್ಸುಗಳಿವೆ. ತ್ರಿಪುರಾಂತಕೇಶ್ವರದ ತಳಪಟ್ಟಿಕೆ ನೋಡಲು ಬೆಳಗಿನ ಓರೆ ಬಿಸಿಲು ಒಳ್ಳೆಯದು. ಗದ್ದೆ ಅಂಚಿಗೆ ಒಡೆಯರನ್ನು ಕೇಳಿಯೇ ಇಳಿಯಿರಿ, ಬಿಲಕ್ಕೆ ಕೈ ಹಾಕಬೇಡಿ. ನವೆಂಬರಿನಿಂದ ಮೇ ತಿಂಗಳವರೆಗೆ ಮಂಗನ ಕಾಯಿಲೆಯ ಕಾಲ. ಆಗ ಕಾಡಿನ ದರಕಿನ ಮೇಲೆ ಕೂರಬೇಡಿ, ಸತ್ತ ಮಂಗ ಕಂಡರೆ ಮುಟ್ಟದೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಿಳಿಸಿ, ಮನೆಗೆ ಬಂದವರೇ ಬಟ್ಟೆ ಬದಲಿಸಿ ಬಿಸಿನೀರಲ್ಲಿ ಸೋಪು ಹಚ್ಚಿ ಸ್ನಾನ ಮಾಡಿ. ಜ್ವರ ಬಂದರೆ ಕಾಡಿಗೆ ಹೋಗಿದ್ದ ಸಂಗತಿಯನ್ನು ವೈದ್ಯರಿಗೆ ಮೊದಲೇ ಹೇಳಿ.