ಈ ರಾತ್ರಿಯೇ ಸಹಿ ಹಾಕಿದರೆ ಅರ್ಧ ಬೆಲೆ

ಸಂಜೆ ಏಳಕ್ಕೆ ಬಂದ ಸೇಲ್ಸ್‌ಮನ್ ರಾತ್ರಿ ಹತ್ತಾದರೂ ಸೋಫಾ ಬಿಟ್ಟು ಏಳುವುದಿಲ್ಲ. ಕಿಟಕಿಗಳನ್ನೆಲ್ಲ ಅಳೆದದ್ದಾಯಿತು, ಚೀಲದಿಂದ ಗಾಜಿನ ತುಂಡು ತೆಗೆದು ತೋರಿಸಿದ್ದಾಯಿತು, ಚಹಾ ಆಯಿತು, ಮಕ್ಕಳ ಶಾಲೆಯ ವಿಚಾರವೂ ಆಯಿತು. ಕೊನೆಗೆ ಬೆಲೆ ಹೇಳುತ್ತಾನೆ: ಹನ್ನೆರಡು ಸಾವಿರ ಪೌಂಡ್. ಮನೆಯವರ ಮುಖ ನೋಡಿ ಎಂಟಕ್ಕೆ ಇಳಿಯುತ್ತಾನೆ. ಅದಕ್ಕೂ ಅವರು ತಲೆಯಾಡಿಸದಿದ್ದರೆ ಮ್ಯಾನೇಜರಿಗೊಂದು ಫೋನು, ಒಂದಿಷ್ಟು ಪಿಸುಮಾತು. ಆರು ಸಾವಿರಕ್ಕೆ ಒಪ್ಪಿದರಂತೆ, ಆದರೆ ಸಹಿ ಈ ರಾತ್ರಿಯೇ ಬೀಳಬೇಕು. ಅಂಕಿಗಳು ಬದಲಾದಾವು, ಬ್ರಿಟನ್ನಿನಲ್ಲಿ ಸ್ವಂತ ಮನೆಯಿದ್ದ ಒಂದು ತಲೆಮಾರಿಗೆ ಈ ನಾಟಕ ಬಾಯಿಪಾಠ.

ಅವನು ಮಾರುವ ಸರಕು ಕೆಟ್ಟದ್ದಲ್ಲ ಎಂಬುದೇ ಇದರಲ್ಲಿನ ಸೋಜಿಗ. ಎರಡು ಗಾಜುಗಳ ನಡುವೆ ಬೆರಳಗಲದಷ್ಟು ಜಾಗ ಬಿಟ್ಟು ಸುತ್ತಲೂ ಮುಚ್ಚಿದರೆ, ಒಳಗೆ ಸಿಕ್ಕಿಬಿದ್ದ ಗಾಳಿ ಮನೆಯ ಬಿಸಿಯನ್ನು ಸುಲಭವಾಗಿ ಹೊರಬಿಡುವುದಿಲ್ಲ. ಕಿಟಕಿಯಿರುವುದೇ ಗಾಳಿಯಾಡಲಿಕ್ಕೆ ಎಂದುಕೊಂಡ ನಮಗೆ ಇದು ಹೊಳೆಯದು. ಒಂಟಿ ಗಾಜಿನ ಇಂಗ್ಲಿಷ್ ಮನೆಯಲ್ಲಿ ಜನವರಿಯ ಬೆಳಗ್ಗೆ ಗಾಜಿನ ಒಳಮೈಯಿಂದ ನೀರಿಳಿದು, ಕೆಳಗಿನ ಮರದ ಪಟ್ಟಿ ನೆನೆದು, ಮೂಲೆಯಲ್ಲಿ ಬೂಷ್ಟು ಹಿಡಿದಿರುತ್ತದೆ. ಅಲ್ಲಿ ಟವೆಲ್ ಸುರುಳಿ ಸುತ್ತಿ ಇಟ್ಟವರಿಗೇ ಈ ಜೋಡಿ ಗಾಜಿನ ಬೆಲೆ ಗೊತ್ತು.

ಉಪಾಯ ಹಳೆಯದು. ಅಮೆರಿಕದ ಥಾಮಸ್ ಸ್ಟೆಟ್ಸನ್ 1865ರಲ್ಲೇ ಪೇಟೆಂಟ್ ಪಡೆದಿದ್ದ. ಆದರೆ ಒಳ್ಳೆಯ ಗಾಜು ಅಗ್ಗವಾಗಬೇಕಿತ್ತು. ಲಂಕಾಶೈರಿನ ಸೇಂಟ್ ಹೆಲೆನ್ಸ್‌ನ ಪಿಲ್ಕಿಂಗ್ಟನ್ ಕಂಪನಿ, ಕರಗಿದ ತವರದ ಮೇಲೆ ಕರಗಿದ ಗಾಜನ್ನು ತೇಲಿಬಿಟ್ಟು ಕನ್ನಡಿಯಂತೆ ನುಣುಪಾದ ಹಾಳೆ ತೆಗೆಯುವ ವಿಧಾನವನ್ನು 1959ರಲ್ಲಿ ಪ್ರಕಟಿಸಿತು. ಜೋಡಿ ಗಾಜಿನ ಕಿಟಕಿ ಮಾರುವ ಎವರೆಸ್ಟ್ ಕಂಪನಿ 1965ರಲ್ಲಿ ಹುಟ್ಟಿತು, ಅದೇ ವ್ಯಾಪಾರದ ನಾರ್ವಿಚ್‌ನ ಆಂಗ್ಲಿಯನ್ ಮರುವರ್ಷ. 1973ರಲ್ಲಿ ತೈಲದ ಬೆಲೆ ಏರಿದ ಮೇಲೆ ಮನೆ ಬಿಸಿಮಾಡುವ ಖರ್ಚು ಎಲ್ಲರ ತಲೆನೋವಾಯಿತು. ಮಾರ್ಗರೆಟ್ ಥ್ಯಾಚರ್ ಸರ್ಕಾರದ 1980ರ ಕಾಯ್ದೆ, ಸರ್ಕಾರಿ ಮನೆಗಳಲ್ಲಿ ಬಾಡಿಗೆಗಿದ್ದವರಿಗೆ ಆ ಮನೆಗಳನ್ನು ಕೊಳ್ಳುವ ಹಕ್ಕು ಕೊಟ್ಟಿತು. ಇನ್ನು ಮನೆ ತನ್ನದು ಎಂದು ಬೀದಿಗೆ ಕಾಣಿಸಲು ಹೊಸ ಬಾಗಿಲು, ಹೊಸ ಕಿಟಕಿಗಿಂತ ಬೇರೇನು ಬೇಕು?

ಆ ದಿನಗಳ ಜಾಹೀರಾತೊಂದು ಬ್ರಿಟಿಷರಿಗೆ ಇಂದಿಗೂ ನೆನಪಿದೆ. ಯಾರ್ಕ್‌ಶೈರ್ ಬೆಟ್ಟಗಳ ನೆತ್ತಿಯಲ್ಲಿ, 528 ಮೀಟರ್ ಎತ್ತರದಲ್ಲಿರುವ ಟ್ಯಾನ್ ಹಿಲ್ ಪಬ್, ಹೊರಗೆ ಬಿರುಗಾಳಿ. ರೈತನೂ ರೇಡಿಯೋ ಮಾತುಗಾರನೂ ಆಗಿದ್ದ ಟೆಡ್ ಮೌಲ್ಟ್, ಎವರೆಸ್ಟ್ ಕಿಟಕಿಯ ಒಳಗೆ ನಿಂತು ಹಕ್ಕಿಯ ಗರಿಯೊಂದನ್ನು ಕೈಬಿಡುತ್ತಾನೆ. ಗರಿ ಅತ್ತಿತ್ತ ಓಲಾಡದೆ ನೇರ ಕೆಳಗಿಳಿಯುತ್ತದೆ. ಇಂಥ ಕಿಟಕಿ ಹಾಕಿಸುವುದು ಒಮ್ಮೆ ಮಾತ್ರ, ಆದ್ದರಿಂದ ಒಳ್ಳೆಯದನ್ನೇ ಹಾಕಿಸಿ ಎಂಬುದು ಕಂಪನಿಯ ಘೋಷಣೆಯ ಸಾರ.

ಇಡೀ ಉದ್ಯಮದ ಗುಟ್ಟು ಆ ಮಾತಿನಲ್ಲೇ ರಟ್ಟಾಗಿತ್ತು ಎನಿಸುತ್ತದೆ ನನಗೆ. ಚಿಕ್ಕಪೇಟೆಯಲ್ಲಿ ಸೀರೆಗೆ ಚೌಕಾಸಿ ಮಾಡುವ ಹೆಂಗಸು ಹತ್ತಾರು ಸೀರೆ ಕೊಂಡು ಪಳಗಿದವಳು. ಅಂಗಡಿಯವನಿಗೂ ಅವಳು ಮುಂದಿನ ಹಬ್ಬಕ್ಕೆ ಬರಲಿ ಎಂಬ ಆಸೆಯಿದೆ. ಒಮ್ಮೆ ಮಾತ್ರ ಕೊಳ್ಳುವವನಿಗೆ ಆ ಪಳಗುವಿಕೆ ಎಲ್ಲಿಂದ ಬರಬೇಕು? ಅವನನ್ನು ಇನ್ನೊಮ್ಮೆ ನೋಡುವ ನಿರೀಕ್ಷೆ ಮಾರುವವನಿಗೂ ಇಲ್ಲ. ಪ್ರತಿ ಕಿಟಕಿಯ ಅಳತೆ ಬೇರೆಯಾದ್ದರಿಂದ ಹೋಲಿಸಿ ನೋಡಲು ದರಪಟ್ಟಿಯೂ ಇರಲಿಲ್ಲ. ಮೇಲಾಗಿ ಬಹಳ ಮಂದಿ ಸೇಲ್ಸ್‌ಮನ್‌ಗಳಿಗೆ ಸಂಬಳವೇ ಇಲ್ಲ, ಬರೀ ಕಮಿಷನ್. ಸಹಿಯಿಲ್ಲದೆ ಎದ್ದರೆ ಆ ಸಂಜೆಯ ದುಡಿಮೆ ಸೊನ್ನೆ. ಗಂಡಹೆಂಡತಿ ಇಬ್ಬರೂ ಮನೆಯಲ್ಲಿರುವ ಹೊತ್ತಿಗೇ ಬರುತ್ತೇನೆ ಎಂದು ಹಟ ಹಿಡಿಯುವುದೂ ಇದಕ್ಕೇ. 'ಅವಳನ್ನೊಂದು ಮಾತು ಕೇಳಿ ಹೇಳ್ತೀನಿ' ಎಂದು ಜಾರಿಕೊಳ್ಳುವ ದಾರಿ ಮೊದಲೇ ಮುಚ್ಚಿರಬೇಕಲ್ಲ!

ಕಾನೂನು ಹಿಂದೆಯೇ ಓಡಿಬಂತು, ಏದುಸಿರು ಬಿಡುತ್ತ. ಕರೆಯದೆ ಬಂದವನ ಜೊತೆ ಮಾಡಿಕೊಂಡ ಒಪ್ಪಂದವನ್ನು ಏಳು ದಿನದೊಳಗೆ ರದ್ದು ಮಾಡಬಹುದು ಎಂಬ ನಿಯಮ 1987ರಲ್ಲಿ ಬಂತು. ಮನೆಯವರೇ ಕರೆಸಿಕೊಂಡವನಿಗೂ ಅದು ಅನ್ವಯಿಸಲು 2008 ಬರಬೇಕಾಯಿತು. 2014ರಲ್ಲಿ ಅವಧಿ ಹದಿನಾಲ್ಕು ದಿನಕ್ಕೇರಿತು. ಆದರೆ ಅಳತೆ ಕೊಟ್ಟು ಮಾಡಿಸಿದ ವಸ್ತುಗಳಿಗೆ ಈ ಹಕ್ಕಿಲ್ಲ ಎಂಬ ವಿನಾಯಿತಿಯೂ ಅದರ ಜೊತೆಗೇ ಬಂತು. ಅಳತೆ ಕೊಡದೆ ಮಾಡಿಸಿದ ಕಿಟಕಿ ಎಲ್ಲಿದೆ?

ಮನೆಯವರ ದೂರುಗಳ ಇನ್ನೊಂದು ಕಂತು ಶುರುವಾಗುವುದು ಕೆಲವು ವರ್ಷಗಳ ಮೇಲೆ. ಅಂಚಿನ ಅಂಟು ಸೋತು ತೇವ ಒಳಸೇರಿದರೆ ಎರಡು ಗಾಜುಗಳ ನಡುವೆ ಮಬ್ಬು ಕವಿಯುತ್ತದೆ; ಒಳಗಿಂದ ಒರೆಸಿದರೂ ಹೋಗದು, ಹೊರಗಿಂದ ಒರೆಸಿದರೂ ಹೋಗದು. ಹತ್ತು ವರ್ಷದ ಗ್ಯಾರಂಟಿ ಪತ್ರ ಹುಡುಕಿ ಫೋನು ಮಾಡಿದರೆ ಆ ಹೆಸರಿನ ಕಂಪನಿಯೇ ಇರುವುದಿಲ್ಲ. ಇದು ಸಣ್ಣಪುಟ್ಟವರ ಕಥೆಯಷ್ಟೇ ಅಲ್ಲ. ಒಂದು ಕೊಂಡರೆ ಒಂದು ಉಚಿತ ಎಂದು ಟಿವಿಯಲ್ಲಿ ಕಿರುಚುತ್ತಿದ್ದ ಸೇಫ್‌ಸ್ಟೈಲ್ 2023ರ ಅಕ್ಟೋಬರಿನಲ್ಲಿ ದಿವಾಳಿ ಎದ್ದಿತು. ಗರಿ ಬೀಳಿಸಿದ ಎವರೆಸ್ಟ್ 2020ರಲ್ಲೊಮ್ಮೆ ಮುಗ್ಗರಿಸಿ ಎದ್ದು, 2024ರ ಏಪ್ರಿಲಿನಲ್ಲಿ ಮತ್ತೆ ಬಿತ್ತು.

ಹೀಗೆ ಸುಟ್ಟುಕೊಂಡವರು ಈಗ ಮುಂಗಡವನ್ನು ಕ್ರೆಡಿಟ್ ಕಾರ್ಡಿನಲ್ಲೇ ಕೊಡುತ್ತಾರೆ. ನೂರು ಪೌಂಡ್ ದಾಟಿದ, ಮೂವತ್ತು ಸಾವಿರ ಮೀರದ ಖರೀದಿಯಾದರೆ, ಮಾರಿದವನು ಕೈಕೊಟ್ಟಾಗ ಕಾರ್ಡ್ ಕಂಪನಿಯೇ ಹೊಣೆ ಎಂದು 1974ರ ಕಾಯ್ದೆಯೊಂದು ಹೇಳುತ್ತದೆ. ಗ್ಯಾರಂಟಿಗೆ ವಿಮೆಯ ಬೆಂಬಲ ಇದೆಯೇ ಎಂದೂ ಕೇಳುತ್ತಾರೆ. ಇನ್ನು ಮಬ್ಬು ಕಟ್ಟಿದ ಗಾಜು: ಚೌಕಟ್ಟು ಸಮೇತ ಕಿಟಕಿಯನ್ನೇ ಬದಲಿಸಬೇಕೆಂದು ಸೇಲ್ಸ್‌ಮನ್ ಹೇಳಿಯಾನು. ಚೌಕಟ್ಟು ಗಟ್ಟಿಯಿದ್ದರೆ ಆ ಜೋಡಿ ಗಾಜನ್ನಷ್ಟೇ ತೆಗೆದು ಬೇರೆ ಕೂರಿಸಬಹುದು. ಅದಷ್ಟನ್ನೇ ಕಸುಬು ಮಾಡಿಕೊಂಡವರು ಊರೂರಲ್ಲೂ ವ್ಯಾನು ಇಟ್ಟುಕೊಂಡು ಓಡಾಡುತ್ತಿದ್ದಾರೆ. ಅವರು ಹಗಲು ಹೊತ್ತೇ ಬರುತ್ತಾರೆ, ಬಂದ ಕೆಲಸ ಮುಗಿಸಿ ಹೊರಡುತ್ತಾರೆ.